ಒಂಬತ್ತು ಹಾಳೆಗಳು

ದಾಖಲೆ ಕಚೇರಿಯ ಎದುರಿನ ವಸತಿಗೃಹ,
ಎರಡನೆಯ ಮಹಡಿ,
ಬುಧವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನಾಲ್ಕು ವರ್ಷದಿಂದ ನಾವು ಒಂದು ಮನೆಯಲ್ಲಿಲ್ಲ. ಆದರೂ ಮೂವತ್ತೆಂಟು ವರ್ಷ ಊರಿಗೆಲ್ಲ ನಿಮ್ಮನ್ನು ಹೀಗೆಯೇ ಹೇಳಿಕೊಂಡು ಬಂದವಳಿಗೆ ಕಾಗದದ ತಲೆಯಲ್ಲಿ ಬೇರೇನು ಬರೆಯಬೇಕೆಂದು ತೋಚಲಿಲ್ಲ. ‘ಪೂಜ್ಯ’ ಎನ್ನಲು ಮನಸ್ಸು ಒಪ್ಪುವುದಿಲ್ಲ, ‘ಪ್ರಿಯ’ ಎನ್ನಲು ಕೈ ಒಪ್ಪುವುದಿಲ್ಲ. ನಾನು ಕ್ಷೇಮ, ಕೆಮ್ಮೊಂದನ್ನು ಬಿಟ್ಟು. ನಿಮ್ಮ ಮಂಡಿನೋವು ಈಗ ವಾಸಿ ಎಂದು ಅಡುಗೆಯವಳು ಹೇಳಿದಳು. ಶನಿವಾರ ನೀವು ವ್ಯಾಯಾಮ ಚಿಕಿತ್ಸೆಗೆ ಹೋಗಿದ್ದಾಗ ನಾನು ಮನೆಗೆ ಬಂದು ಹೋದದ್ದನ್ನು ಅವಳು ನಿಮಗೂ ಹೇಳಿರುತ್ತಾಳೆ. ಏನು ತೆಗೆದುಕೊಂಡು ಹೋದೆ ಎಂದು ಅವಳಿಗೆ ಗೊತ್ತಿಲ್ಲ. ನೀವು ಬೀರು ತೆರೆದು ನೋಡಿದ್ದರೆ ನಿಮಗೆ ಗೊತ್ತಿರುತ್ತದೆ. ನೋಡಿಲ್ಲದಿದ್ದರೆ ನಾನೇ ಹೇಳುತ್ತೇನೆ, ಮೊದಲಿನಿಂದ.

ಈ ಕಾಗದದ ಒಂದು ಪ್ರತಿಯನ್ನು ನಮ್ಮ ಮಗಳಿಗೂ ಕಳಿಸುತ್ತಿದ್ದೇನೆ. ಅಪ್ಪನ ಪುಸ್ತಕವನ್ನು ಅವಳು ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆಯೇ ಹೊರತು ಓದಿಲ್ಲ. ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರಪಡಬೇಡಿ.

ನಿಮ್ಮ ಗ್ರಂಥದ ಹೊಸ ಆವೃತ್ತಿ ತರುತ್ತೇವೆಂದು ಪ್ರಕಾಶಕರು ಹೇಳಿದಾಗ ಅದರ ಅಡಿಟಿಪ್ಪಣಿಗಳನ್ನೆಲ್ಲ ಮೂಲ ದಾಖಲೆಗಳೊಂದಿಗೆ ಹೋಲಿಸಿ ನೋಡುವ ಕೆಲಸವನ್ನು ನನಗೆ ಕೊಟ್ಟರು. ಕಾಲೇಜು ಬಿಟ್ಟ ಮೇಲೆ ಕರಡು ತಿದ್ದುವುದೇ ನನ್ನ ಕೆಲಸವಾದ್ದರಿಂದ ಅದರಲ್ಲಿ ವಿಶೇಷವೇನೂ ಇರಲಿಲ್ಲ. ನೀವು ಮಾತ್ರ ಎರಡು ವರ್ಷದ ಮೇಲೆ ಅಂದೇ ನನಗೆ ಫೋನು ಮಾಡಿದಿರಿ. “ಆರನೇ ಅಧ್ಯಾಯದ್ದು ನೋಡೋದು ಬೇಡ. ಅದನ್ನ ನಾನೇ ಎರಡು ಸಲ ನೋಡಿದೀನಿ. ನೀನು ಸುಮ್ನೆ ಧೂಳು ಕುಡೀಬೇಡ” ಎಂದಿರಿ. ನಾನು ಆಯ್ತು ಎಂದೆ. ಆಯ್ತು ಎನ್ನುವುದು ನಿಮ್ಮೆದುರು ನನ್ನ ನಾಲಿಗೆಯ ತುದಿಯಲ್ಲೇ ಇರುವ ಮಾತು.

ಮಗಳೇ, ನಿನ್ನ ಅಪ್ಪನ ಪುಸ್ತಕ ಒಂದು ಬಂದರಿನ ಊರಿನ ಕಥೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಲ್ಲಿ ಸಾಂಕ್ರಾಮಿಕ ಜ್ವರ ಹಬ್ಬಿತು. ಆರೋಗ್ಯಾಧಿಕಾರಿಯಾಗಿ ಬಂದ ಒಬ್ಬ ತರುಣ ವೈದ್ಯ ಊರ ಹೊರಗಿನ ಮರಳು ಬಯಲಿಗೆ ಬೇಲಿ ಹಾಕಿಸಿ, ಜ್ವರದವರನ್ನೂ ಅವರ ಮನೆಯವರನ್ನೂ ಅಲ್ಲಿ ಇಟ್ಟ. ಅವನು ಎದೆಗುಂದದೆ ಬಾಗಿಲು ಮುಚ್ಚಿದ್ದರಿಂದ ಊರು ಉಳಿಯಿತು ಎನ್ನುವುದು ಪುಸ್ತಕದ ಸಾರ. ಆ ಪುಸ್ತಕ ಬಂದಮೇಲೆ ಅಲ್ಲಿನ ಆಸ್ಪತ್ರೆಗೆ ಅವನ ಹೆಸರಿಟ್ಟರು. ಅಪ್ಪನಿಗೆ ಪ್ರಶಸ್ತಿ ಬಂತು, ವಿಶ್ವವಿದ್ಯಾಲಯದಲ್ಲಿ ಪೀಠ ಬಂತು, ನಮಗೆ ಮೇಲಿನ ಮಹಡಿ ಬಂತು. ನೀನು ಓದಿದ ಕೋಣೆ ಅದೇ.

ದಾಖಲೆ ಕಚೇರಿಯ ಬಗ್ಗೆ ನೀವು ಮುನ್ನುಡಿಯಲ್ಲಿ ಬರೆದದ್ದು ನನಗೆ ಬಾಯಿಪಾಠ. ‘ಹಳೆಯ ಕಾಗದದ ಪರಿಮಳ ನನ್ನನ್ನು ಕೈಹಿಡಿದು ಒಳಗೆ ಕರೆದೊಯ್ಯಿತು’ ಎಂದು ಶುರುವಾಗುತ್ತದೆ. ಆ ಪರಿಮಳ ಇಲಿಯ ಉಚ್ಚೆಯದು. ಓದುವ ಕೋಣೆ ಹಿಂದೆ ಕುದುರೆ ಲಾಯವಾಗಿತ್ತಂತೆ. ಕುದುರೆಗಳು ಇದ್ದಾಗ ದಿನಕ್ಕೊಮ್ಮೆಯಾದರೂ ಗುಡಿಸುತ್ತಿದ್ದರೇನೋ. ಹಾಳೆ ಹಾರುತ್ತವೆಂದು ಫ್ಯಾನು ಹಾಕುವುದಿಲ್ಲ, ಮಳೆ ಬರುತ್ತದೆಂದು ಕಿಟಕಿಗೆ ಮೊಳೆ ಹೊಡೆದಿದ್ದಾರೆ. ಕಟ್ಟು ಬಿಚ್ಚಿದರೆ ಮಡಿಲಿಗೆ ಇಲಿಹಿಕ್ಕೆ ಉದುರುತ್ತದೆ. ಮೊದಲ ದಿನವೇ ಬಂದರು ಸಮಿತಿಯ ಕಡತದಲ್ಲಿ ಒಂದು ಹಲ್ಲಿ ಸಿಕ್ಕಿತು, ಎರಡು ಹಾಳೆಯ ನಡುವೆ ಚಪ್ಪಟೆಯಾಗಿ, ಅಕ್ಷರದ ಮೇಲೆ ತನ್ನ ಕಂದು ಕಲೆ ಬಿಟ್ಟುಕೊಂಡು. ಅದರ ಹೊಟ್ಟೆಯ ಕೆಳಗಿನ ಪದವೇ ನನಗೆ ಬೇಕಾದ ಪದವಾಗಿತ್ತು. ಪೆನ್ಸಿಲಿನ ತುದಿಯಿಂದ ಕೆರೆದು ತೆಗೆದು, ಹೊರಗೆ ಹೋಗಿ ಓಕರಿಸಿ, ಬಾಯಿ ತೊಳೆದು ಬಂದು ಆ ಪದ ಓದಿದೆ. ನೀವು ಕೊಟ್ಟದ್ದು ಸರಿಯಾಗಿಯೇ ಇತ್ತು. ಮೊದಲ ಐದು ಅಧ್ಯಾಯಗಳಲ್ಲಿ ನಿಮ್ಮ ಒಂದೇ ಒಂದು ತಪ್ಪು ಸಿಗಲಿಲ್ಲ. ಅದನ್ನೂ ಹೇಳಬೇಕಲ್ಲ.

ನನ್ನ ಎದುರಿನ ಮೇಜಿನಲ್ಲಿ ಒಬ್ಬ ಹಿರಿಯರು ಕೂರುತ್ತಿದ್ದರು. ಜಮೀನಿನ ವ್ಯಾಜ್ಯಕ್ಕಾಗಿ ತಮ್ಮ ಮುತ್ತಾತ ಹುಟ್ಟಿದ ದಾಖಲೆ ಹುಡುಕುತ್ತಾ ಏಳು ತಿಂಗಳಾಗಿತ್ತಂತೆ. ಕಚೇರಿಯವರು ಅವರನ್ನೇ ‘ಮುತ್ತಾತ’ ಎಂದು ಕರೆಯುತ್ತಾರೆ. “ಮುತ್ತಾತ ಇವತ್ತಾದ್ರೂ ಹುಟ್ಟಿದ್ರಾ?” ಎಂದು ಕಡತ ತರುವ ಹೆಂಗಸು ದಿನಾ ಕೇಳುತ್ತಾಳೆ. ಅವರು ನಗುವುದಿಲ್ಲ. ಅವರಿಗೆ ಮೂಗು ಕಟ್ಟಿಕೊಳ್ಳಲು ನಾನು ಒಂದು ಕರವಸ್ತ್ರ ಕೊಟ್ಟೆ. ಅಷ್ಟೇ ನಮ್ಮ ಸ್ನೇಹ.

ಗುರುವಾರದ ಹೊತ್ತಿಗೆ ಐದು ಅಧ್ಯಾಯ ಮುಗಿದಿತ್ತು. ಪ್ರಕಾಶಕರ ಪಟ್ಟಿಯಲ್ಲಿ ಆರನೆಯದೂ ಇತ್ತು. ಅದರ ಜೀವಾಳವೇ ‘ಶಿಬಿರದ ದಿನವಹಿ’. ಬೇಲಿಯ ಬಾಗಿಲಲ್ಲಿ ಕೂರುತ್ತಿದ್ದ ಗುಮಾಸ್ತ ದಿನಾ ಬರೆದಿಟ್ಟ ದಪ್ಪ ಪುಸ್ತಕ. ಬೇಡಿಕೆ ಚೀಟಿ ಬರೆದುಕೊಟ್ಟೆ. ಹೆಂಗಸು ಚೀಟಿ ನೋಡಿ, “ಇದಾ? ಇದು ಬ್ಲೇಡಪ್ಪನ ಪುಸ್ತಕ. ತರ್ತೀನಿ ಇರಿ” ಎಂದಳು. ಬ್ಲೇಡಪ್ಪ ಯಾರು ಎಂದು ಕೇಳಿದೆ. “ನಾನು ನೋಡಿಲ್ಲ ಮೇಡಂ. ನಾನು ಕೆಲಸಕ್ಕೆ ಸೇರೋಕ್ಕೆ ಮೊದ್ಲು ಇಲ್ಲಿದ್ನಂತೆ, ನನ್ನ ಥರಾನೇ ಕಡತ ತರೋನು. ಹಾಳೆ ಕುಯ್ದು ಮಾರ್ಕೊಂಡ ಅಂತ ಮನೆಗೆ ಕಳಿಸಿದ್ರು. ಹೊಸದಾಗಿ ಸೇರಿದೋರಿಗೆಲ್ಲ ಇವತ್ತಿಗೂ ಅವನ ಕಥೆ ಹೇಳ್ತಾರೆ, ಹುಷಾರು ಅಂತ.”

ಪುಸ್ತಕ ಬಂತು. ನೀವು ಉಲ್ಲೇಖಿಸಿದ್ದು ಅರವತ್ತೊಂದನೆಯ ಹಾಳೆ. ಐವತ್ತೈದು ಇತ್ತು, ಆಮೇಲೆ ಅರವತ್ತೈದು. ನಡುವೆ ಹೊಲಿಗೆಯ ಪಕ್ಕದಲ್ಲಿ ಕಡ್ಡಿಯಷ್ಟು ಅಗಲದ ಒಂಬತ್ತು ಕಾಗದದ ಅಂಚುಗಳು ಉಳಿದಿದ್ದವು. ಹರಿದದ್ದಲ್ಲ. ಅಳತೆಪಟ್ಟಿ ಇಟ್ಟು, ಹೊಸ ಬ್ಲೇಡಿನಲ್ಲಿ, ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಕತ್ತರಿಸಿದ್ದು. ಹೊಲಿಗೆಯ ದಾರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಬೆರಳಿಟ್ಟು ಸವರಿದೆ, ನಯವಾಗಿತ್ತು. ಬೆಳಗಿನ ಅಂಚೆ ಬಂದಾಗ ನೀವು ಲಕೋಟೆಯ ಅಂಚನ್ನು ಹೇಗೆ ಬಿಡಿಸುತ್ತೀರೋ ಹಾಗೆ. ಎಷ್ಟೋ ವರ್ಷ ಪಕ್ಕದಲ್ಲಿ ಕೂತು ನೋಡಿದವಳು ನಾನು. ಇಲಿ ಕಡಿದ ಅಂಚು, ಹುಳ ತಿಂದ ತೂತು, ಹಲ್ಲಿ, ಹಿಕ್ಕೆ ಇವೆಲ್ಲದರ ನಡುವೆ ಅಚ್ಚುಕಟ್ಟಾಗಿದ್ದದ್ದು ಅದೊಂದೇ. ನನಗೆ ನಿಜವಾಗಿ ಅಸಹ್ಯವಾದದ್ದೂ ಅದೊಂದೇ. ಇಲಿಗೆ ಹಸಿವಿತ್ತು ಎನ್ನಬಹುದು.

ಮೇಲಧಿಕಾರಿಯ ಕೋಣೆಗೆ ಹೋದೆ. ನಮ್ಮ ಮಗಳ ವಯಸ್ಸಿನವಳು. ಓದುಗರ ಹಳೆಯ ವಹಿ ತೆಗೆಸಿ ತೋರಿಸಿದಳು. ಆ ದಿನವಹಿಯನ್ನು ತರಿಸಿಕೊಂಡು ಓದಿದವರು ಇಪ್ಪತ್ತೆಂಟು ವರ್ಷಗಳಲ್ಲಿ ಒಬ್ಬರೇ. ನಿಮ್ಮ ರುಜು ನನಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಶುಕ್ರವಾರ ಅವಳು ಹಳೆಯ ವಿಚಾರಣೆಯ ಕಡತವನ್ನೂ ಕೊಟ್ಟಳು. ಓದುವವರು ಯಾರೂ ಕೇಳದ ಕಡತವಾದ್ದರಿಂದ ಅದು ಶುಭ್ರವಾಗಿತ್ತು. ಅಲ್ಲಿ ತಿಳಿಯಿತು, ಬ್ಲೇಡಪ್ಪ ಎಂದರೆ ಗೋಂದಣ್ಣ.

ಮಗಳೇ, ಅಪ್ಪನ ಪುಸ್ತಕದ ಕೃತಜ್ಞತೆಯ ಪುಟ ತೆಗೆದು ನೋಡು. ‘ದಾಖಲೆ ಕಚೇರಿಯ ಗೋಂದಣ್ಣನ ನೆರವಿಲ್ಲದೆ ಈ ಗ್ರಂಥ ಹುಟ್ಟುತ್ತಿರಲಿಲ್ಲ’ ಎಂದಿದೆ. ಹರಿದ ಹಾಳೆಗಳಿಗೆ ಅಂಟು ಹಚ್ಚಿ ಹಚ್ಚಿ ಅವರ ಬೆರಳುಗಳು ಯಾವಾಗಲೂ ಅಂಟಂಟಾಗಿರುತ್ತಿದ್ದವಂತೆ, ಅದಕ್ಕೇ ಆ ಹೆಸರು. ನೀವು ಮನೆಯಲ್ಲಿ ಅವರ ಸುದ್ದಿ ಹೇಳುತ್ತಿದ್ದಿರಿ. ಊಟದ ಡಬ್ಬಿ ತೆರೆಯುವ ಮೊದಲು ಕೈ ತೊಳೆಯುವುದಕ್ಕೇ ಅವನಿಗೆ ಕಾಲು ಗಂಟೆ ಬೇಕು ಎಂದು ನಗುತ್ತಿದ್ದಿರಿ. ನಿಮ್ಮ ಬಾಯಲ್ಲಿ ಅವರು ಯಾವಾಗಲೂ ‘ಅವನು’. ನಿಮಗಿಂತ ಅವರು ಎಂಟು ವರ್ಷ ದೊಡ್ಡವರು, ಕಡತದಲ್ಲಿ ಹುಟ್ಟಿದ ತಾರೀಖು ಇತ್ತು.

ನಿಮ್ಮ ಪುಸ್ತಕ ಬಂದ ಮರುವರ್ಷ ಕಚೇರಿಯಲ್ಲಿ ಕಡತಗಳ ತಪಾಸಣೆ ಆಯಿತು. ಒಂಬತ್ತು ಹಾಳೆ ಇಲ್ಲ ಎಂದು ಗೊತ್ತಾಯಿತು. ದಿನವಹಿಯನ್ನು ಓದಿದ್ದ ನಿಮಗೆ ಕಚೇರಿಯವರು ಕಾಗದ ಬರೆದು ಕೇಳಿದರು. ನಿಮ್ಮ ಉತ್ತರ ಕಡತದ ಹನ್ನೆರಡನೆಯ ಪುಟ. ಟೈಪು ಮಾಡಿದ್ದು, ಎರಡೇ ಪ್ಯಾರಾ, ಒಂದು ಅಕ್ಷರ ತಪ್ಪಿಲ್ಲ. ‘ನಾನು ದಿನವಹಿಯನ್ನು ಹಿಂದಿರುಗಿಸಿದಾಗ ಐವತ್ತಾರರಿಂದ ಅರವತ್ತನಾಲ್ಕರವರೆಗಿನ ಹಾಳೆಗಳು ಅದರಲ್ಲಿ ಇದ್ದವು. ಆಮೇಲಿನದು ನನಗೆ ತಿಳಿಯದು.’ ಅದರ ಮುಂದಿನ ಪುಟದಲ್ಲಿ ವಿಚಾರಣಾಧಿಕಾರಿಯ ತೀರ್ಮಾನ. ‘ಪ್ರಾಧ್ಯಾಪಕರು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿರುವುದರಿಂದ, ನಂತರ ದಿನವಹಿಯನ್ನು ಮುಟ್ಟಿದವನು ಈ ನೌಕರನೊಬ್ಬನೇ ಆಗಿರುವುದರಿಂದ’ ಎಂದು ಆ ವಾಕ್ಯ ಶುರುವಾಗಿ, ಕೆಲಸದಿಂದ ವಜಾ ಎಂಬಲ್ಲಿ ಮುಗಿಯುತ್ತದೆ. ನಿವೃತ್ತಿಗೆ ಅವರಿಗೆ ಮೂರು ವರ್ಷ ಉಳಿದಿತ್ತು.

ಇಷ್ಟು ವರ್ಷ ಕರಡು ತಿದ್ದಿದ್ದೇನೆ. ಅಷ್ಟು ಚೊಕ್ಕವಾದ ಎರಡು ಪ್ಯಾರಾ ನಾನು ನೋಡಿಲ್ಲ. ಓದಿ ಮುಗಿಸಿ ಕಡತವನ್ನು ಮುಚ್ಚಿದೆ. ಕೈ ತೊಳೆಯಬೇಕೆನಿಸಿತು. ಶುಭ್ರವಾದ ಕಡತ ಮುಟ್ಟಿ ಕೈ ತೊಳೆದದ್ದು ಅದೇ ಮೊದಲು.

ಕಚೇರಿಯ ಹಳೆಯ ಕಾವಲುಗಾರ ಗೋಂದಣ್ಣನ ವಿಳಾಸ ಹೇಳಿದ. ಎರಡು ಬೀದಿ ಆಚೆ, ಬೀಗ ರಿಪೇರಿ ಅಂಗಡಿಯ ಮೇಲಿನ ಒಂದು ಕೋಣೆ. ಶುಕ್ರವಾರ ಸಂಜೆಯ ಬಿಸಿಲು ಇರುವಾಗಲೇ ಹೋದೆ. ಹೊಲಿಗೆ ಕೆಲಸ ಮಾಡುವ ಅವರ ಮಗಳು ಕಿಟಕಿಯ ಬಳಿ ಮೆಷಿನ್ನು ತುಳಿಯುತ್ತಿದ್ದಳು. ಗೋಂದಣ್ಣ ನೆಲದ ಮೇಲೆ ಕೂತು ಶಾಲೆಯ ಮಕ್ಕಳ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಸೆಕೆಯಲ್ಲೂ ಮೈಮೇಲೆ ಉಣ್ಣೆಯ ಕೋಟು. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಲ್ಲಲು ಹೋಗಿ, ಆಗದೆ, ಮಗಳ ಕೈಹಿಡಿದು ಎದ್ದರು.

“ಮೇಷ್ಟ್ರ ಮನೆಯೋರಾ? ಬನ್ನಿ ಅಮ್ಮ, ಬನ್ನಿ. ಈ ಕೋಟು ಅವರು ಕೊಟ್ಟಿದ್ದೇ. ನೋಡಿ, ಹೊಲಿಗೆ ಒಂದು ಕಡೆ ಬಿಟ್ಟಿಲ್ಲ.”

ನಾನು ಕೂತೆ. ನಿಮ್ಮ ಗುಣಗಾನವನ್ನು ಅರ್ಧ ಗಂಟೆ ಕೇಳಿದೆ. ಕೆಲಸ ಹೋದ ಮೇಲೆ ಬಂಧುಗಳೂ ತಿರುಗಿ ನೋಡದಿದ್ದಾಗ ನೀವೇ ಹುಡುಕಿಕೊಂಡು ಬಂದಿರಂತೆ. ಅಚ್ಚುಕೂಟದಲ್ಲಿ ರಟ್ಟು ಕಟ್ಟುವ ಕೆಲಸ ಕೊಡಿಸಿದಿರಂತೆ. ಮಗಳಿಗೆ ಹೊಲಿಗೆ ಮೆಷಿನ್ನು, ಅವರಿಗೆ ಕೋಟು, ಹೆಂಡತಿಗೆ ಕಾಯಿಲೆಯಾದಾಗ ಡಾಕ್ಟರಿಗೆ ಶಿಫಾರಸು ಪತ್ರ. “ಕಳ್ಳ ಅಂತ ಊರೆಲ್ಲ ಅಂದಾಗ, ನೀನು ಕಳ್ಳ ಅಲ್ಲ ಅಂತ ನನಗೆ ಗೊತ್ತು ಗೋಂದಣ್ಣ ಅಂದೋರು ಅವರೊಬ್ರೇ. ಆ ಮಾತಿಗೆ ನಾನು ಕಣ್ಣೀರು ಹಾಕ್ಬಿಟ್ಟೆ ಅಮ್ಮ.”

ನೀನು ಕಳ್ಳ ಅಲ್ಲ ಅಂತ ನನಗೆ ಗೊತ್ತು. ನಿಮ್ಮ ಬಾಯಿಂದ ಬಂದ ಮಾತುಗಳಲ್ಲೆಲ್ಲ ಇಷ್ಟು ಸತ್ಯವಾದದ್ದು ಇನ್ನೊಂದಿಲ್ಲ. ಹೇಳುವಾಗ ನಿಮ್ಮ ಮುಖ ಹೇಗಿತ್ತು ಎಂದು ಯೋಚಿಸುತ್ತಾ ಅಲ್ಲಿ ಕೂತಿದ್ದೆ. ಅವರ ಮಗಳು ತಂದುಕೊಟ್ಟ ಚಹಾವನ್ನು ಪಕ್ಕಕ್ಕಿಟ್ಟೆ. ಹಾಳೆ ಕದ್ದವರನ್ನು ಕ್ಷಮಿಸಬಹುದೇನೋ. ಕೋಟು ಕೊಟ್ಟವರನ್ನು ಹೇಗೆ ಕ್ಷಮಿಸುವುದು? ಅವರು ಅದನ್ನು ಇಪ್ಪತ್ತು ವರ್ಷ ಒಗೆದು, ಇಸ್ತ್ರಿ ಮಾಡಿ, ಬಂದವರಿಗೆಲ್ಲ ತೋರಿಸಿಕೊಂಡು ತೊಟ್ಟಿದ್ದಾರೆ. ತಲೆನೋವೆಂದು ಹೇಳಿ ಎದ್ದು ಬಂದೆ.

ಶನಿವಾರ ಬೆಳಗಿನ ಮೊದಲ ಬಸ್ಸು ಹಿಡಿದೆ. ನಾಲ್ಕು ಗಂಟೆಯ ದಾರಿ. ನನ್ನ ಬಳಿ ಬೀಗದ ಕೈ ಇತ್ತು. ನೀವೂ ವಾಪಸು ಕೇಳಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಮಲಗುವ ಕೋಣೆಯ ಬೀರುವಿನ ಕೆಳಖಾನೆ ತೆರೆದೆ. ಮನೆಯ ಕರಾರು ಪತ್ರ, ಮಗಳ ಜಾತಕದ ಹಾಗೆ ನೀವು ಜೋಪಾನ ಮಾಡುವ ಪ್ರಶಸ್ತಿ ಪತ್ರ, ಅದರಡಿ ಬಟ್ಟೆಯಲ್ಲಿ ಸುತ್ತಿಟ್ಟ ರಟ್ಟಿನ ಫೈಲು. ಮೂಲೆಗಳಲ್ಲಿ ನುಸಿಗುಳಿಗೆ. ಫೈಲಿನೊಳಗೆ ಒಂಬತ್ತು ಹಾಳೆ. ಅಂಚು ಮುಕ್ಕಾಗಿಲ್ಲ, ಒಂದು ತೂತಿಲ್ಲ. ನೀವು ಹೇಳುವುದು ನನಗೆ ಈಗಲೇ ಕೇಳಿಸುತ್ತಿದೆ. ‘ಅಲ್ಲೇ ಬಿಟ್ಟಿದ್ದರೆ ಇಲಿ ತಿಂದಿರುತ್ತಿತ್ತು, ನಾನು ಉಳಿಸಿದೆ.’ ಹೌದು, ಉಳಿದಿದೆ. ನಿಮ್ಮ ಬೀರುವಿನಲ್ಲಿ.

ಹಾಸಿಗೆಯ ಅಂಚಿನಲ್ಲಿ ಕೂತು ಓದಿದೆ. ಒಂದು ಬದಿಗೆ ಒಂದು ದಿನದಂತೆ ಹದಿನೆಂಟು ದಿನ. ಮಗಳಿಗಾಗಿ ಮೂರು ದಿನದ್ದನ್ನು ಇಲ್ಲಿ ಇಳಿಸುತ್ತೇನೆ.

‘ಮೂರನೆಯ ದಿನ. ಜ್ವರದ ಭಯದಿಂದ ನೀರು ಹೊರುವವರು ಓಡಿಹೋಗಿದ್ದಾರೆ. ಒಳಗಿನವರು ಕೇಳಿದ ಕೊಡ ಇನ್ನೂರ ಹತ್ತು, ಕೊಟ್ಟದ್ದು ಮೂವತ್ತು.’

‘ಏಳನೆಯ ದಿನ. ಆರೋಗ್ಯಾಧಿಕಾರಿಗಳಿಗೆ ನಾಲ್ಕನೆಯ ಸಲ ತಿಳಿಸಿದೆ. ಬಾಗಿಲು ತೆರೆಯಕೂಡದು, ನೀರು ಸಾಕಷ್ಟು ಇದೆಯೆಂದು ಸಮಿತಿಗೆ ಬರೆದಾಗಿದೆ ಎಂದು ಉತ್ತರ. ಹೆಂಗಸರು ಖಾಲಿ ಕೊಡಗಳನ್ನು ಬೇಲಿಗೆ ಬಡಿಯುತ್ತಿದ್ದಾರೆ. ಆ ಸದ್ದಿಗೆ ಬರೆಯಲು ಆಗುತ್ತಿಲ್ಲ.’

‘ಹನ್ನೊಂದನೆಯ ದಿನ. ಇಂದು ಶಿಬಿರ ಶಾಂತವಾಗಿದೆ. ಕೊಡ ಬಡಿಯುವವರಿಲ್ಲ. ನೀರು ಕೇಳಿದವರು ನಾಲ್ವರು.’

ನಿಮ್ಮ ಆರನೆಯ ಅಧ್ಯಾಯ ಶುರುವಾಗುವುದು ಈ ಕೊನೆಯದರ ಮೊದಲ ವಾಕ್ಯದಿಂದ. ‘ಇಂದು ಶಿಬಿರ ಶಾಂತವಾಗಿದೆ.’ ಶಿಸ್ತು ಗೆದ್ದಿತು ಎನ್ನುವುದಕ್ಕೆ ಸಾಕ್ಷಿಯಾಗಿ ನೀವು ಅದನ್ನು ಕೊಟ್ಟಿದ್ದೀರಿ. ಸನ್ಮಾನ ಸಭೆಗಳಲ್ಲಿ ಅದನ್ನೇ ಓದಿ ತೋರಿಸಿದಿರಿ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಎರಡು ವಾಕ್ಯದ ಪಕ್ಕ, ಹಾಳೆಯ ಅಂಚಿನಲ್ಲಿ, ನಿಮ್ಮ ಪೆನ್ಸಿಲಿನ ಸಣ್ಣ ಗೆರೆ ಇದೆ. ಕಣ್ಣು ತಪ್ಪಿ ಬಿಟ್ಟುಹೋದದ್ದಲ್ಲ. ಅವುಗಳನ್ನು ಓದಿ, ಗುರುತು ಮಾಡಿ, ಬಿಟ್ಟಿರಿ. ಇನ್ನೊಬ್ಬ ಓದುಗ ಬಂದು ಅವನ್ನು ಓದಿಯಾನು ಎಂದು ಅಳತೆಪಟ್ಟಿ ಹುಡುಕಿದಿರಿ. ಹದಿನೆಂಟು ದಿನಗಳಲ್ಲಿ ನೂರ ಎಪ್ಪತ್ತು ಜನ ಹೋದರು. ಜ್ವರದಿಂದ ಎಷ್ಟು, ಬಾಯಾರಿ ಎಷ್ಟು ಎಂದು ಆ ಗುಮಾಸ್ತ ಪ್ರತ್ಯೇಕವಾಗಿ ಬರೆದಿದ್ದಾನೆ. ಹೆದರಿದ ಕೈ ಎಂದು ಅಕ್ಷರದಲ್ಲೇ ಗೊತ್ತಾಗುತ್ತದೆ, ಆದರೂ ಬರೆದಿದ್ದಾನೆ. ನಿಮ್ಮದು ಹೆದರದ ಕೈ.

ಅಂದು ಸಂಜೆ ಮಗಳಿಗೆ ಫೋನು ಮಾಡಿ ಅರ್ಧಂಬರ್ಧ ಹೇಳಿದೆ. “ಅಪ್ಪಂಗೆ ವಯಸ್ಸಾಯ್ತಮ್ಮ, ಬಿಟ್ಬಿಡು. ಸತ್ತೋರು ಎದ್ದು ಬರ್ತಾರಾ?” ಎಂದಳು. ಇಲ್ಲ ಕಂದ, ಬರುವುದಿಲ್ಲ. ಆದರೆ ಬೀಗದ ಅಂಗಡಿಯ ಮೇಲೆ ಒಬ್ಬರು ಇನ್ನೂ ಸತ್ತಿಲ್ಲ.

ಸೋಮವಾರ ಹಾಳೆಗಳನ್ನು ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟೆ. ಅವಳು ಒಂದೊಂದನ್ನೇ ತೆಗೆದು ದಿನವಹಿಯಲ್ಲಿ ಉಳಿದ ಅಂಚಿಗೆ ಜೋಡಿಸಿ ನೋಡಿದಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು. ಆಮೇಲೆ, “ಹಾಳೆ ಕಳೆದದ್ದಕ್ಕೆ ನಮ್ಮಲ್ಲಿ ಫಾರಂ ಇದೆ ಮೇಡಂ. ವಾಪಸ್ ಬಂದದ್ದಕ್ಕೆ ಇಲ್ಲ. ಬಿಳಿ ಹಾಳೇಲಿ ಬರ್ದು ಕೊಡಿ” ಎಂದಳು. ಬರೆದುಕೊಟ್ಟೆ. ಎಲ್ಲಿ ಸಿಕ್ಕಿತು, ಯಾರ ಬೀರು, ಯಾರ ಪೆನ್ಸಿಲ್ ಗೆರೆ, ಎಲ್ಲ. ಹಳೆಯ ವಿಚಾರಣೆಯನ್ನು ಮತ್ತೆ ತೆರೆಯಲು ಮೇಲಿನವರಿಗೆ ಅಂದೇ ಪತ್ರ ಹೋಯಿತು. ಪ್ರಕಾಶಕರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ಹೊಸ ಆವೃತ್ತಿ ನಿಂತಿದೆ. ಅವರು ನಿಮಗೆ ಫೋನು ಮಾಡುವ ಮೊದಲು ಈ ಕಾಗದ ತಲುಪಲಿ ಎಂದು ಇದನ್ನು ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ, ಮಂಗಳವಾರ, ಮತ್ತೆ ಗೋಂದಣ್ಣನ ಮನೆಗೆ ಹೋದೆ. ಹೇಗೆ ಹೇಳಬೇಕೆಂದು ಮೆಟ್ಟಿಲ ಮೇಲೆ ನಿಂತು ಮೂರು ಸಲ ಯೋಚಿಸಿ, ಕೊನೆಗೆ ಇದ್ದಂತೆಯೇ ಹೇಳಿದೆ. ಹಾಳೆಗಳು ಸಿಕ್ಕಿವೆ. ನಮ್ಮ ಮನೆಯಲ್ಲಿದ್ದವು. ಕತ್ತರಿಸಿದವರು ಮೇಷ್ಟ್ರು.

ಮೆಷಿನ್ನು ನಿಂತಿತು. ಗೋಂದಣ್ಣ ಕೈಯಲ್ಲಿದ್ದ ರಟ್ಟನ್ನು ಕೆಳಗಿಟ್ಟರು. “ಯಾವ ಮೇಷ್ಟ್ರು?” ಎಂದು ಕೇಳಿದರು. ಇನ್ನೊಮ್ಮೆ ಹೇಳಿದೆ. ಅವರು ಮಗಳ ಕಡೆ ನೋಡಿದರು, ಅವಳು ನಾನು ಹೇಳಿದ್ದನ್ನು ಕೇಳಿಸಿಕೊಳ್ಳದವಳಂತೆ ಸೂಜಿಗೆ ದಾರ ಪೋಣಿಸಲು ಹೋಗಿ, ಆಗದೆ, ಕೈಬಿಟ್ಟಳು.

“ನಮ್ಮೋಳು ಹೋಗಿ ಒಂಬತ್ತು ವರ್ಷ ಆಯ್ತಮ್ಮ,” ಎಂದರು ಗೋಂದಣ್ಣ. “ಹೋಗೋ ಹಿಂದಿನ ದಿನಾನೂ ಕೇಳಿದ್ಲು, ಈಗ್ಲಾದ್ರೂ ನಿಜ ಹೇಳಿ, ಯಾಕೆ ಕುಯ್ದ್ರಿ ಅಂತ. ನಾನು ಮುಟ್ಟಿಲ್ಲ ಕಣೇ ಅಂದೆ. ಹೋಗ್ಲಿ ಬಿಡಿ ಅಂತ ಆ ಕಡೆ ತಿರುಗಿ ಮಲಗಿದ್ಲು. ಅವಳಿಗೂ ನಂಬಿಕೆ ಬರ್ಲಿಲ್ಲ. ನಲವತ್ತು ವರ್ಷ ಜೊತೇಲಿದ್ದೋಳು.”

ಅವರು ಕೋಟಿನ ಗುಂಡಿ ಬಿಚ್ಚತೊಡಗಿದರು. ಮಗಳು ಸಹಾಯಕ್ಕೆ ಬಂದರೆ ಬೇಡವೆಂದರು. ಐದು ಗುಂಡಿ ತಾವೇ ಬಿಚ್ಚಿ, ಕೋಟು ತೆಗೆದು, ತೋಳುಗಳನ್ನು ಒಳಗೆ ಮಡಿಸಿ, ಅಂಗಡಿಯವರು ಮಡಿಸುವಷ್ಟು ನೀಟಾಗಿ ನನ್ನ ಮುಂದಿಟ್ಟರು. “ಇದನ್ನ ಅವರಿಗೆ ಕೊಟ್ಬಿಡಿ. ಮೆಷಿನ್ನು ಕೊಡಕ್ಕಾಗಲ್ಲ, ಅದರಲ್ಲೇ ಅನ್ನ ಉಣ್ತಿದೀವಿ” ಎಂದರು. ಒಳಗಿನ ಬನಿಯನ್ನಿನ ಮೇಲೆ ಅವರ ಭುಜದ ಮೂಳೆ ಎದ್ದು ಕಾಣುತ್ತಿತ್ತು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಕೋಟು ಈ ಕಾಗದದೊಂದಿಗೆ ಬರುತ್ತಿದೆ. ಅದನ್ನು ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು, ಬೇರೆ ಬಡವರಿಗೆ ಮಾತ್ರ ಕೊಡಬೇಡಿ. ಕಚೇರಿಯವರು ನಿಮ್ಮನ್ನು ಕರೆಯುತ್ತಾರೆ. ವಕೀಲರ ಹತ್ತಿರ ಹೋಗುವ ಮೊದಲು ಒಂದು ಬಿಳಿ ಹಾಳೆಯಲ್ಲಿ ‘ಕತ್ತರಿಸಿದವನು ನಾನು, ಗೋಂದಣ್ಣನಲ್ಲ’ ಎಂದು ನಿಮ್ಮ ಕೈಯಾರೆ ಬರೆದು ಕಳಿಸಿ. ಅಷ್ಟು ಬರೆಯಲು ಯಾವ ದಾಖಲೆಯನ್ನೂ ನೋಡಬೇಕಾಗಿಲ್ಲ. ಅವರಿಗೆ ಎಂಬತ್ತರ ಮೇಲಾಗಿದೆ. ತಡಮಾಡಬೇಡಿ.

ನಿಮ್ಮ ಮೇಲೆ ಕೋಪವಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಕೋಪ ಇದ್ದರೆ ಜಗಳ ಆಡಬಹುದಿತ್ತು, ರಾಜಿ ಆಗಬಹುದಿತ್ತು. ಇದು ಹೇಸಿಗೆ. ಅನ್ನದಲ್ಲಿ ಹುಳ ಕಂಡರೆ ಯಾರೂ ಹುಳದ ಮೇಲೆ ಸಿಟ್ಟಾಗುವುದಿಲ್ಲ, ತಟ್ಟೆ ದೂರ ಸರಿಸುತ್ತಾರೆ.

ಇಂತು,
ನಿಮ್ಮ ಹೆಂಡತಿ

ತಾ.ಕ.: ಇಲ್ಲಿಯವರೆಗೆ ಓದಿದ ಮೇಲೆ ನಿಮ್ಮ ತುಟಿಯಂಚಿನಲ್ಲಿ ಒಂದು ನಗು ಬಂದಿರುತ್ತದೆ ಎಂದು ನನಗೆ ಗೊತ್ತು. ಮಗಳ ಪ್ರತಿಯಲ್ಲಿ ಇದನ್ನು ಬರೆಯಬಾರದೆಂದೇ ಕೂತಿದ್ದೆ. ಲಕೋಟೆ ಅಂಟಿಸಿ, ಮತ್ತೆ ಒಡೆದು ಬರೆಯುತ್ತಿದ್ದೇನೆ.

ವಿಚಾರಣೆಗೆ ಕಳಿಸಿದ ಆ ಎರಡು ಪ್ಯಾರಾ ಟೈಪು ಮಾಡಿದವಳು ನಾನು. ನೀವು ಕಿಟಕಿಯ ಬಳಿ ನಿಂತು ಹೇಳುತ್ತಾ ಹೋದಿರಿ. ಹಾಳೆಗಳು ಪಕ್ಕದ ಕೋಣೆಯ ಬೀರುವಿನಲ್ಲಿವೆ ಎಂದು ನನಗೆ ಗೊತ್ತಿತ್ತು. ಪುಸ್ತಕಕ್ಕಾಗಿ ಅವುಗಳ ನಕಲು ಟೈಪು ಮಾಡಿದವಳೂ ನಾನೇ. ಶನಿವಾರ ಹಾಸಿಗೆಯ ಮೇಲೆ ಕೂತು ಓದಿದ್ದು ಎರಡನೆಯ ಸಲ. ಅಂದು ನೀವು ಹೇಳಿದ್ದು ‘ಹಾಳೆಗಳು ಇದ್ದ ನೆನಪು’ ಎಂದು. ನಾನು ಬೆರಳು ನಿಲ್ಲಿಸಿ, “ನೆನಪು ಅಂದ್ರೆ ಸಡಿಲ ಅನ್ಸುತ್ತೆ, ಇದ್ದವು ಅಂತಲೇ ಹಾಕಲಾ?” ಎಂದು ಕೇಳಿದೆ. ನೀವು ಸ್ವಲ್ಪ ಹೊತ್ತು ಹೊರಗೆ ನೋಡಿ, “ಹಾಕು” ಎಂದಿರಿ. ವಿಚಾರಣಾಧಿಕಾರಿಗೆ ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡಿದ್ದು ನನ್ನ ಪದ. ಯಾರ ಕೆಲಸ ಹೋಗುತ್ತದೆ ಎಂದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ವಾಕ್ಯ ಚೆನ್ನಾಯಿತು ಎಂದುಕೊಂಡು ಎದ್ದು ಚಹಾ ಮಾಡಲು ಹೋದೆ.

ಸೋಮವಾರ ಬರೆದುಕೊಟ್ಟ ಹೇಳಿಕೆಯಲ್ಲಿ ಇದನ್ನು ಬಿಟ್ಟಿದ್ದೆ. ನಿನ್ನೆ ಮೆಟ್ಟಿಲಿಳಿಯುವಾಗ ಗೋಂದಣ್ಣ ನನ್ನ ಎರಡೂ ಕೈ ಹಿಡಿದುಕೊಂಡು “ನೀವಾದ್ರೂ ಬಂದ್ರಲ್ಲ ತಾಯಿ” ಎಂದರು. ಆಗಲೂ ಬಾಯಿ ಬಿಡಲಿಲ್ಲ. ಕಚೇರಿಗೆ ಇನ್ನೊಂದು ಹಾಳೆ ಬರೆದು ಮುಗಿಸಿದ್ದೇನೆ. ಗೋಂದಣ್ಣನಿಗೆ ಮಾತ್ರ ಬರೆದು ಕಳಿಸುವುದು ಹೇಡಿತನ. ನಾಳೆ ಬೆಳಿಗ್ಗೆ ಹೋಗಿ ಎದುರು ಕೂತು ಹೇಳುತ್ತೇನೆ.